ಕಟ್ಟೆಯ ಮೇಲೆ ಕೂತ ನೆಗಡಿ

ನಮ್ಮ ಮನೆಗೆ ಈಚೆಗೆ ಬರುವವರೆಲ್ಲ ಬಾಗಿಲಲ್ಲೇ ಅಂಗೈ ಒಡ್ಡಬೇಕಾಗಿದೆ. ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೊಂದು ಸ್ಟೂಲು, ಅದರ ಮೇಲೆ ನನ್ನ ಮಗಳು ರೇಣುಕಾ ಪ್ರತಿಷ್ಠಾಪಿಸಿರುವ ಸ್ಯಾನಿಟೈಸರ್ ಬಾಟಲಿ. ಎದುರುಮನೆಯ ಹಿರಿಯರೊಬ್ಬರು ಮೊದಲ ದಿನ ಆ ತಣ್ಣನೆಯ ದ್ರವವನ್ನು ಗುಡಿಯಲ್ಲಿ ತೀರ್ಥ ಕುಡಿದ ಅಭ್ಯಾಸಬಲದಿಂದ ತುಟಿಯವರೆಗೆ ಒಯ್ದು, ಮೂಗು ಎಚ್ಚರಿಸಿದ್ದರಿಂದ ಅಲ್ಲೇ ತಡೆದು, ಏನು ಮಾಡಬೇಕೆಂದು ತಿಳಿಯದೆ ಕೊನೆಗೆ ಭಕ್ತಿಯಿಂದ ನೆತ್ತಿಗೆ ಸವರಿಕೊಂಡರು. ನಗಬೇಡಿ. ಮರುದಿನ ನಾನೂ ಹಾಗೆಯೇ ಮಾಡಿದೆ, ಮತ್ತು ನಾನು ನಿವೃತ್ತಿಯಾಗುವವರೆಗೂ ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದವಳು.

ಈ ಕಟ್ಟುನಿಟ್ಟಿಗೆಲ್ಲ ಕಾರಣ ಒಳಕೋಣೆಯ ತೊಟ್ಟಿಲಿನಲ್ಲಿ ಮುಷ್ಟಿ ಬಿಗಿದು ಮಲಗಿರುವ, ಇನ್ನೂ ಹೆಸರಿಡದ ನನ್ನ ಮೊಮ್ಮಗಳು. ಅವಧಿಗೆ ಮುಂಚೆ ಹುಟ್ಟಿ, ಹುಟ್ಟಿದ ಕೂಡಲೇ ಸೋಂಕು ತಗುಲಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನಳಿಗೆಗಳ ನಡುವೆ ಮಲಗಿ ಬದುಕಿ ಬಂದ ಜೀವ ಅದು. ಆ ದಿನಗಳಲ್ಲಿ ಗಾಜಿನ ಹೊರಗೆ ನಿಂತಿದ್ದ ರೇಣುಕಾಳ ಮುಖ ನೋಡಿದ್ದೇನೆ. ಆದ್ದರಿಂದ ಅವಳು ಗಿಲಕಿಯನ್ನು ಕುದಿಸಿದರೂ, ಶಕ್ತಿನಗರದಿಂದ ವಾರಕ್ಕೊಮ್ಮೆ ಬರುವ ಗಂಡನನ್ನು ಸ್ನಾನ ಮಾಡುವ ತನಕ ಅಂಗಳದಲ್ಲೇ ನಿಲ್ಲಿಸಿದರೂ, ಹಾಡುವಾಗ ತೊಟ್ಟಿಲ ಕಡೆ ಉಸಿರು ಬಿಡಬೇಡವೆಂದು ನನಗೆ ತಾಕೀತು ಮಾಡಿದರೂ ನಾನು ಎದುರು ಮಾತಾಡಲಿಲ್ಲ. ಉಸಿರು ಬಿಡದೆ ಜೋಗುಳ ಹಾಡುವ ವಿದ್ಯೆಯೊಂದೇ ನನಗಿನ್ನೂ ಸಿದ್ಧಿಸಿಲ್ಲ.

ನಿಜ ಹೇಳಬೇಕೆಂದರೆ ಅವಳ ಭಯಕ್ಕೆ ನನ್ನ ಪಾಠವೂ ಒಂದಿಷ್ಟು ಗೊಬ್ಬರ ಹಾಕಿದೆ. ನಾನು ಕರಿಹಲಗೆಯ ಮೇಲೆ ಬಿಳಿ ರಕ್ತಕಣಗಳಿಗೆ ಟೋಪಿ, ಲಾಠಿ ಬರೆದು ಪೊಲೀಸರನ್ನಾಗಿ ಮಾಡುತ್ತಿದ್ದೆ. ಸೂಕ್ಷ್ಮಜೀವಿಗಳಿಗೆ ಮೀಸೆ ಬರೆದು ಕಳ್ಳರನ್ನಾಗಿ ಮಾಡುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ರೇಣುಕಾ ಮೊದಲ ಬೆಂಚಿನಲ್ಲಿದ್ದಳು. ಈಗ ಬಿಡುವಾಗಿ ಓದುತ್ತ ಕುಳಿತರೆ ತಿಳಿಯುತ್ತದೆ, ಮೀಸೆಯವರೆಲ್ಲ ಕಳ್ಳರಲ್ಲ. ನಮ್ಮ ಕರುಳಿನಲ್ಲಿ ಬಿಡಾರ ಹೂಡಿರುವ ಅಸಂಖ್ಯ ಜೀವಾಣುಗಳಲ್ಲಿ ಬಹುಪಾಲು ಸಂಸಾರವಂದಿಗರೇ. ಅನ್ನ ಅರಗಿಸಲು ಕೈಜೋಡಿಸುತ್ತ, ಪುಂಡರಿಗೆ ಕೂರಲು ಜಾಗ ಕೊಡದೆ ತಮ್ಮ ಪಾಡಿಗೆ ತಾವಿರುವವರು. ಯಾರನ್ನು ತಡೆಯಬೇಕು, ಯಾರನ್ನು ಒಳಗೆ ಬಿಡಬೇಕು ಎಂಬ ವಿವೇಕ ನಮ್ಮ ರೋಗನಿರೋಧಕ ಶಕ್ತಿಗೆ ಹುಟ್ಟುತ್ತಲೇ ಪೂರ್ತಿ ಇರುವುದಿಲ್ಲ. ಈ ನೆರೆಹೊರೆಯವರ ಒಡನಾಟದಲ್ಲಿ ಅದು ಮುಖಪರಿಚಯ ಮಾಡಿಕೊಳ್ಳುತ್ತ ಕಲಿಯುತ್ತದೆ. ಕಲಿಯದೆ ಹೋದರೆ ದಾರಿಹೋಕ ಧೂಳಿಗೂ ಲಾಠಿ ಎತ್ತೀತು. ಇನ್ನೂ ಒಂದು ಮಾತು ಕೇಳಿ: ಎದೆಹಾಲಿನಲ್ಲಿ ಕೂಸಿಗೆ ಅರಗದ ಸಕ್ಕರೆಯ ಅಂಶಗಳಿವೆಯಂತೆ. ಅವು ಇರುವುದೇ ಕೂಸಿನ ಕರುಳಿನ ಒಳ್ಳೆಯ ಜೀವಾಣುಗಳಿಗಾಗಿ. ಬಾಣಂತಿಗೆಂದು ನಾನು ತುಪ್ಪ ಸುರಿದು ಬಡಿಸಿದ ಊಟದಲ್ಲಿ ಕಣ್ಣಿಗೆ ಕಾಣದ ಇಷ್ಟೊಂದು ಮಂದಿಗೆ ಪಾಲು ಹೋಗುತ್ತಿದೆಯೆಂದು ಓದಿದ ದಿನ ನನಗೆ ಯಾಕೋ ಬಹಳ ಸಂತೋಷವಾಯಿತು. ಅದನ್ನು ರೇಣುಕಾಳಿಗೆ ಹೇಳಿದೆ. ಅವಳು ಮೊಲೆಯೂಡುವ ಮುಂಚೆ ಇನ್ನೊಮ್ಮೆ ಕೈ ತೊಳೆದುಕೊಂಡಳು.

ಇಂಥ ಮನೆಗೆ ದೇವದುರ್ಗದ ಬಸ್ಸಿನಲ್ಲಿ ಒಂದು ಕಂಬಳಿ ಬಂದಿಳಿಯಿತು. ಕಳಿಸಿದವಳು ನನ್ನ ಅವ್ವ. ನಮ್ಮದು ಕುರಿ ಕಾಯುವ ಮನೆತನ. ಹುಟ್ಟಿದ ಕೂಸನ್ನು ಮನೆಯ ಕುರಿಗಳ ಉಣ್ಣೆಯಿಂದಾದ ಕರಿ ಕಂಬಳಿಯ ಮೇಲೆ ಮಲಗಿಸುವುದು ನಮ್ಮಲ್ಲಿನ ಪದ್ಧತಿ. ನಾನು ಮಲಗಿದ್ದೆ, ರೇಣುಕಾಳೂ ಮಲಗಿದ್ದಳು. ಈ ಸಲದ ಉಣ್ಣೆಯನ್ನು ಅವ್ವ ತನ್ನ ನಡುಗುವ ಕೈಯಲ್ಲಿ ತಾನೇ ನೂತಿದ್ದಳು. ಗಂಟು ಬಿಚ್ಚಿದೊಡನೆ ಕುರಿ ಹಟ್ಟಿಯ ವಾಸನೆ ಮನೆಯನ್ನೆಲ್ಲ ತುಂಬಿತು. ನನಗೆ ಬಾಲ್ಯ ನೆನಪಾಯಿತು, ರೇಣುಕಾಳಿಗೆ ಆಸ್ಪತ್ರೆ. ತಾನು ಆಯಿ ಎಂದು ಕರೆಯುವ ಅಜ್ಜಿಯ ಕಂಬಳಿಯನ್ನು ಬೇಡವೆನ್ನಲಾರಳು, ಹಾಗೆಯೇ ಹಾಸಲಾರಳು. ನಾನು ಬಜಾರಿಗೆ ಹೋಗಿ ಬರುವಷ್ಟರಲ್ಲಿ ಅದನ್ನು ವಾಷಿಂಗ್ ಮಷಿನ್ನಿಗೆ ತುಂಬಿ, ಕ್ರಿಮಿನಾಶಕ ಸುರಿದು, ನೀರಿನ ಬಿಸಿಯನ್ನು ಏರಿಸಬಲ್ಲಷ್ಟು ಏರಿಸಿ ಗುಂಡಿ ಒತ್ತಿದ್ದಳು. ಕುರಿಗಾರರ ಮೊಮ್ಮಗಳು ಉಣ್ಣೆಯನ್ನು ಕುದಿಸಿದ್ದಳು! ಇಬ್ಬರು ಹೊದೆಯಬಹುದಾಗಿದ್ದ ಕಂಬಳಿ ಹೊರಬಂದಾಗ ಬಾಗಿಲ ಮುಂದಿನ ಕಾಲೊರಸಿನಷ್ಟಾಗಿ, ರೊಟ್ಟಿ ಬಡಿಯುವ ಹಲಗೆಯಂತೆ ಬಿರುಸಾಗಿತ್ತು. ಮಗಳು ಅದನ್ನು ಎದೆಗೊತ್ತಿಕೊಂಡು ಅತ್ತಳು.

ನಾಲ್ಕು ದಿನಕ್ಕೆ ಅವ್ವನೇ ಬಂದಳು. ಮರಿಮಗಳನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಬೇಕೆಂಬ ಒಂದೇ ಆಸೆಯಿಂದ, ಸೊಂಟ ನೋವಿದ್ದರೂ ಬಸ್ಸಿನಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಬಂದಿದ್ದಳು. ಆದರೆ ಕಾಲು ತೊಳೆದವಳು ಒಳಗೆ ಬರಲಿಲ್ಲ. ಸೆರಗನ್ನು ಮೂಗಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಯ ಮೂಲೆಯಲ್ಲಿ ಕೂತುಬಿಟ್ಟಳು. ಕರೆದರೆ "ಇಲ್ಲೇ ಇರ್ತೀನಿ ಬಿಡು" ಅಂದಳು. ರೇಣುಕಾ ಬಾಗಿಲ ಹಿಂದೆ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಕಂಬಳಿ ಸುದ್ದಿ ಯಾರೋ ಹೇಳ್ಯಾರವ್ವ. ಆಯಿ ಸಿಟ್ಟಾಗ್ಯಾಳ." ಆ ಕಟ್ಟುನಿಟ್ಟಿನ ಹುಡುಗಿ ಕೊನೆಗೆ ಕುಗ್ಗಿದ ಕಂಬಳಿಯನ್ನು ಹಿಡಿದುಕೊಂಡು ತಾನೇ ಹೊರಗೆ ಹೋದಳು.

"ಆಯಿ, ತಪ್ಪಾತು. ಬಿಸಿನೀರಾಗ ಹಾಕಿಬಿಟ್ಟೆ."

ಅವ್ವ ಅದನ್ನು ಕೈಯಲ್ಲಿ ಹಿಡಿದು ಬಿರುಸಾದ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಅವಳಿಗೆ ನೋವಾಯಿತು, ನಾನು ಕಂಡೆ. ಆಮೇಲೆ ಹೇಳಿದಳು: "ಹೋಗ್ಲಿ ಬಿಡವ್ವ. ಕುರಿ ಅದಾವ, ಮತ್ತ ಉಣ್ಣಿ ಬರ್ತದ. ನೀ ಹಿಂದ ಸರಿ, ನಂಗ ನೆಗಡಿ ಬಂದದ. ಬಸ್ಸಿನ್ಯಾಗ ಹತ್ತಿತೋ ಏನೋ."

"ಅದಕ್ಕ ಒಳಗ ಬರ್ಲಿಲ್ಲೇನು?"

"ಹಸಿ ಕೂಸಿರೋ ಮನಿಯಾಗ ಕೆಮ್ಮಕೋತ ಹ್ಯಾಂಗ ಬರ್ಲಿ? ಕಿಟಕಿಯಾಗ ತೋರ್ಸು, ಸಾಕು."

ಅಂದಿನಿಂದ ನೆಗಡಿ ಕಟ್ಟೆಯ ಮೇಲೆ, ಕೂಸು ಕಿಟಕಿಯ ಒಳಗೆ. ಅವ್ವನ ಎಲ್ಲ ಶಾಸ್ತ್ರವೂ ಹೀಗೆ ವೈದ್ಯರಿಗೆ ಒಪ್ಪುವಂಥದ್ದೆಂದು ತಿಳಿಯಬೇಡಿ. ಕೂಸಿಗೆ ನೆಕ್ಕಿಸಲೆಂದು ಜೇನುತುಪ್ಪ ತಂದಿದ್ದಳು, ಒಂದು ವರ್ಷ ತುಂಬುವ ತನಕ ಜೇನು ಕೂಡದೆಂದು ಡಾಕ್ಟರು ಹೇಳಿದ್ದಾರೆ ಅಂದಾಗ "ನಿನಗ ನೆಕ್ಕಿಸಿದ್ದೆ, ಏನಾಗೀದಿ?" ಎಂದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಏನೋ ಆಗಿದೆಯೆಂದು ಅನ್ನಿಸಿರಬೇಕು, ಮಾತು ನಿಲ್ಲಿಸಿದಳು. ಜೇನಿನ ಬಾಟಲಿ ನನ್ನ ಪಾಲಾಯಿತು. ಲಸಿಕೆಗೆ ಕೂಸನ್ನು ಒಯ್ದ ದಿನ ಮಾತ್ರ ಅವಳೇ ಆಟೋ ಕರೆದು, ದೂರ ನಿಂತೇ ನಮ್ಮನ್ನು ಕಳಿಸಿ, ನಾವು ತಿರುಗಿ ಬರುವ ತನಕ ಬೀದಿಯನ್ನೇ ನೋಡುತ್ತ ಕೂತಿದ್ದಳು.

ಕಿಟಕಿಯ ಸರಳಿನ ಆಚೆಯಿಂದ ಅವಳು ದಿನವೂ ಕೂಸಿನೊಂದಿಗೆ ಮಾತಾಡುತ್ತಿದ್ದಳು. ಮೊದಮೊದಲು ಕೂಸನ್ನು ತೋರಿಸಿ ತಕ್ಷಣ ಕೋಣೆಯ ನಡುವಿಗೆ ಒಯ್ಯುತ್ತಿದ್ದ ರೇಣುಕಾ, ಆಮೇಲೆ ಅಲ್ಲೇ ಕುರ್ಚಿ ಹಾಕಿಕೊಂಡಳು. ಗಾಜಿನ ಪೆಟ್ಟಿಗೆಯ ದಿನಗಳ ಬಗ್ಗೆ, ನನಗೂ ಹೇಳದ ಸಂಗತಿಗಳನ್ನು, ಕಟ್ಟೆಗೆ ಕೇಳಿಸುವಷ್ಟು ಮೆಲ್ಲಗೆ ಹೇಳುವುದು ನನಗೆ ಅಡುಗೆಮನೆಯವರೆಗೂ ಅಸ್ಪಷ್ಟವಾಗಿ ಕೇಳಿಸುತ್ತಿತ್ತು. ಸಾಸಿವೆಯ ಚಟಪಟದಲ್ಲಿ ಆ ಮಾತು ಮುಳುಗೀತೆಂದು ನಾನು ಆ ಹೊತ್ತಿನಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ.

ನೆಗಡಿ, ಕೆಮ್ಮು ಪೂರ್ತಿ ಬಿಟ್ಟು ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು ಹೊಸ್ತಿಲಲ್ಲಿ ನಿಂತಳು. "ಈಗ ಬರ್ಲೇನವ್ವ?" ಎಂದು ಕೇಳಿದ್ದು ನನ್ನನ್ನಲ್ಲ, ರೇಣುಕಾಳನ್ನು. ಮಗಳು ಕೂಸನ್ನು ತಂದು ಅವಳ ತೊಡೆಯ ಮೇಲೆ ಮಲಗಿಸಿದಳು. ಕೂಸು ಕಣ್ಣು ಬಿಟ್ಟು ಆ ಸುಕ್ಕು ಮುಖವನ್ನು ಪರೀಕ್ಷಿಸಿ, ಅವಳ ಒರಟು ಬೆರಳನ್ನು ಹಿಡಿದು, ನಾವು ನೋಡನೋಡುತ್ತಿದ್ದಂತೆ ಬಾಯಿಗೆ ಇಟ್ಟುಕೊಂಡು ಚೀಪತೊಡಗಿತು. ಅವ್ವ ಗಾಬರಿಯಾಗಿ ರೇಣುಕಾಳತ್ತ ನೋಡಿದಳು. ನಾನೂ ನೋಡಿದೆ.

ರೇಣುಕಾ ಬೆರಳು ಬಿಡಿಸಲಿಲ್ಲ. ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತು, ತಿಂಗಳುಗಳಿಂದ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಿದ್ದ ಹುಡುಗಿ ಆ ಮುದುಕಿಯ ಹೆಗಲಿಗೆ ತಲೆಯಿಟ್ಟಳು.

"ಆಯಿ, ನನ್ನೂ ಒಂದೀಟು ಹಿಡ್ಕೊ," ಅಂದಳು.