ಟೆಂಪೋ ಬಾಗಿಲಿನ ಬಾಚಣಿಗೆ ಪರೀಕ್ಷೆ

ನಾನು ಯಾವ ಸೀರೆ ಉಟ್ಟಿದ್ದೇನೆಂದು ಒಂದು ದಿನವೂ ನೋಡದ ನನ್ನ ಗಂಡ, ತಮ್ಮ ಟೆಂಪೋ ಮೇಲೆ ಕಾಗೆ ಕೂತರೂ ಸಹಿಸುತ್ತಿರಲಿಲ್ಲ. ಉಡುಪಿ ಕಡೆಯವರು. ಬೈಕುಲ್ಲಾ ಮಾರ್ಕೆಟ್ಟಿನಿಂದ ನಮ್ಮವರ ಹೋಟೆಲುಗಳಿಗೆ ತೆಂಗಿನಕಾಯಿ, ಬಾಳೆಲೆ ಸಾಗಿಸುವ ಹಳೇ ಟೆಂಪೋ ಅದು. ಹೊರುವುದು ಕಾಯಿ, ಆದರೆ ಶೃಂಗಾರ ಮದುಮಗಳದ್ದು!

ಆಯುಧಪೂಜೆಗೆ ಮುಂಚೆ ಅದಕ್ಕೆ ಬಣ್ಣ ಆಗಲೇಬೇಕು. ಸುಮ್ಮನೆ ಬಳಿದರೆ ಆಗದು. ತಗಡು ಕಾಣುವವರೆಗೆ ಕೆರೆದು, ತಗ್ಗು ಮುಚ್ಚಲು ಪುಟ್ಟಿ ಹಚ್ಚಿ, ನೀರು ಹಾಕಿ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಒಂದು ಕೋಟು ಒಣಗಿದ ಮೇಲೆಯೇ ಇನ್ನೊಂದು. ಕೊನೆಗೆ ಇವರು ಬಾಗಿಲ ಮುಂದೆ ನಿಂತು, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚುವರು. ಬಣ್ಣದ ಹೊಳಪಿನಲ್ಲಿ ಬೈತಲೆ ಸ್ಪಷ್ಟವಾಗಿ ಕಂಡರೆ 'ಪಾಸ್'. ಇಲ್ಲವಾದರೆ ಬೈಕುಲ್ಲಾದ ಮುದುಕ ಪೇಂಟರ್ ಗೊಣಗುತ್ತಾ ಮತ್ತೆ ಉಜ್ಜಬೇಕು.

ಕಳೆದ ವರ್ಷ ಟೆಂಪೋ ಪೇಂಟರನ ಹತ್ತಿರ ಇದ್ದಾಗಲೇ ಇವರು ಪರೇಲಿನ ಆಸ್ಪತ್ರೆ ಸೇರಿದರು. ಔಷಧಕ್ಕೆ ಕೂದಲೆಲ್ಲ ಉದುರಿತು. ಆದರೂ ದಿಂಬಿನ ಕೆಳಗೆ ಬಾಚಣಿಗೆ!

"ಬಾಚ್ಲಿಕ್ಕೆ ಎಂತ ಉಂಟು ತಲೆಯಲ್ಲಿ?" ಎಂದು ನಾನು ರೇಗಿಸಿದರೆ, "ಬರ್ತದೆ ಮಾರಾಯ್ತಿ, ಸ್ವಲ್ಪ ತಡಿ" ಎನ್ನುವರು.

ಅದು ಬರುವುದಿಲ್ಲವೆಂದು ನನಗೆ ಗೊತ್ತಾಗಿತ್ತು. ಇನ್ನು ಮಾಡಲು ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದರು. ಆಂಬುಲೆನ್ಸ್ ಬೇಡ, ಬೊರಿವಲಿಯ ಮನೆಗೆ ನನ್ನ ಗಾಡಿಯಲ್ಲೇ ಹೋಗುವುದು ಎಂದು ಇವರು ಹಟ ಹಿಡಿದರು. ನಾನು ಪೇಂಟರನಿಗೆ ಫೋನ್ ಮಾಡಿದೆ. ಪಾಪ, ಅವನೇ ಟೆಂಪೋ ಓಡಿಸಿಕೊಂಡು ಬಂದು ವಾರ್ಡಿನ ಕಿಟಕಿಯ ಕೆಳಗೆ ರಸ್ತೆಬದಿ ನಿಲ್ಲಿಸಿದ. ಹಸಿರು ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಇವರನ್ನು ವೀಲ್‌ಚೇರಿನಲ್ಲಿ ಕಿಟಕಿಯ ಹತ್ತಿರ ತಂದೆ. ಬಹಳ ಹೊತ್ತು ನೋಡಿದರು.

"ಹಿಂದಿನ ಮೂಲೆ ಮಂಕುಂಟು. ಪುನಃ ಉಜ್ಜಲಿಕ್ಕೆ ಹೇಳು. ಆಮೇಲೆ ಹೋಗುವ."

ನನಗೆ ಮೈಯೆಲ್ಲ ಉರಿಯಿತು. "ನಿಮ್ಗೆ ತಲೆ ಸಮ ಉಂಟಾ? ಡಾಕ್ಟ್ರು ಮನೆಗೆ ಹೋಗಿ ಅಂದದ್ದು ಯಾಕಂತ ಗೊತ್ತುಂಟಲ್ಲ?"

"ಗೊತ್ತುಂಟು. ಅದಕ್ಕೇ ಹೇಳಿದ್ದು. ಕೊನೇ ಸಲ ಮಂಕು ಗಾಡಿಯಲ್ಲಿ ಹೋಗ್ಲಾ?"

ಕೆಳಗಿಳಿದು ಪೇಂಟರನಿಗೆ ಹೇಳಿದೆ. ಅವನು ಆ ಮೂಲೆಯನ್ನೊಮ್ಮೆ ನೋಡಿದ, ಅಂಗೈಯಲ್ಲಿ ಒರೆಸಿ ಗಾಡಿ ತಿರುಗಿಸಿದ.

ಮರುದಿನ ಬೆಳಿಗ್ಗೆ, ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಇವರು ಹೋಗಿಬಿಟ್ಟಿದ್ದರು. ಮನೆಗೆ ಬಂದದ್ದು ಇವರು ಬೇಡವೆಂದಿದ್ದ ಆಂಬುಲೆನ್ಸಿನಲ್ಲೇ.

ಕಾರ್ಯವೆಲ್ಲ ಮುಗಿದ ಮೇಲೆ ಟೆಂಪೋ ತರಲು ಬೈಕುಲ್ಲಾಕ್ಕೆ ಹೋದೆ. ಹಿಂದಿನ ಮೂಲೆ ಕನ್ನಡಿಯಂತಿತ್ತು. ಇಷ್ಟು ಚೆನ್ನಾಗಿ ಉಜ್ಜಿದ್ದೀರಲ್ಲ ಎಂದೆ. ಪೇಂಟರ್ ತಲೆ ತಗ್ಗಿಸಿ, "ಭಾಭಿ, ಉಸ್ ದಿನ್ ಭೀ ಐಸಾ ಹೀ ಥಾ" ಎಂದ. ಆ ದಿನವೂ ಅದು ಹೀಗೇ ಇತ್ತಂತೆ. ಇವರು ಹೇಳಿದರಲ್ಲ ಎಂದು ಮತ್ತೆ ಉಜ್ಜಿದನಂತೆ. ಮಂಕಾಗಿದ್ದದ್ದು ಇವರ ಕಣ್ಣು. ಅಯ್ಯೋ ದೇವರೇ, ಅದೊಂದು ನನಗೆ ಹೊಳೆದಿದ್ದರೆ ಉಜ್ಜಿ ಆಯಿತೆಂದು ಸುಳ್ಳು ಹೇಳಿಯಾದರೂ ಅದರಲ್ಲೇ ಮನೆಗೆ ಕರೆದುಕೊಂಡು ಬರುತ್ತಿದ್ದೆ.

ಬರುವಾಗ ಜೊತೆಗೆ ತಂದಿದ್ದ ಇವರ ಬಾಚಣಿಗೆ ತೆಗೆದು ಬಾಗಿಲ ಮುಂದೆ ನಿಂತೆ. ತಲೆ ಬಾಚಿದೆ. ಒಂದೊಂದು ಬಿಳಿಕೂದಲೂ ಕಂಡಿತು. ಕುಂಕುಮವಿಲ್ಲದ ಹಣೆಯೂ ಕಂಡಿತು.

"ಪಾಸ್?" ಎಂದು ಪೇಂಟರ್ ಮೆಲ್ಲಗೆ ಕೇಳಿದ.

ಪಾಸ್ ಎನ್ನಬೇಕಾದವರ ಸೀಟಿನ ಮೇಲೆ ಬಾಚಣಿಗೆ ಇಟ್ಟೆ.