ಬರಿದು ಪಟ್ಟಿಗೆ ಹಚ್ಚಿದ ಕುಂಕುಮ

1962ರಲ್ಲಿ ನಾನು ಗೋಕಾಕದ ಊರಂಚಿನ ಒಂದು ಸಣ್ಣ ನೇಕಾರಿಕೆ ಶೆಡ್ಡಿನಲ್ಲಿ ಡಿಸೈನ್ ಸಹಾಯಕನಾಗಿದ್ದೆ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸ ಸಿಗದವರು ನಮ್ಮ ಶೆಡ್ಡಿಗೆ ಬರುತ್ತಾರೆ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ನನ್ನ ಮಟ್ಟಿಗಂತೂ ಅದು ಸುಳ್ಳಾಗಿರಲಿಲ್ಲ. ಮುಂದೆ ಪುಣೆಯಲ್ಲಿ ಪಂಚ್ ಕಾರ್ಡಿನ ಯಂತ್ರಗಳ ಬಳಿ ಕೆಲಸಕ್ಕೆ ಸೇರಿ, ಪ್ರೋಗ್ರಾಮರ್ ಎನಿಸಿಕೊಂಡು, ಅದೇ ಹೆಸರಿನಲ್ಲಿ ನಿವೃತ್ತನಾದೆ. ಈಗಿನ ಹುಡುಗರು ಸಿಕ್ಕಾಗಲೆಲ್ಲ, ನಿಮ್ಮ ಮೊದಲ ಪ್ರೋಗ್ರಾಮ್ ಯಾವ ಭಾಷೆಯಲ್ಲಿತ್ತು ಎಂದು ಕೇಳುತ್ತಾರೆ. ಕಟ್ಟಿಗೆಯಲ್ಲಿತ್ತು ಎನ್ನುತ್ತೇನೆ. ಮುದುಕನಿಗೆ ಅರಳು ಮರಳು ಎಂದುಕೊಂಡು ನಕ್ಕು ಸುಮ್ಮನಾಗುತ್ತಾರೆ.

ನಾನು ಹೇಳುವುದು ಡಾಬಿ ಮಗ್ಗದ ವಿಷಯ. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಹೂವು ಬಳ್ಳಿ ಮೂಡಬೇಕಾದರೆ ಯಾವ ಎಳೆ ಯಾವಾಗ ಮೇಲೇಳಬೇಕೆಂದು ಮಗ್ಗಕ್ಕೆ ಯಾರಾದರೂ ಹೇಳಬೇಕು. ಅದನ್ನು ಹೇಳುವುದು ಮಗ್ಗದ ತಲೆಯ ಮೇಲಿನ ಡಾಬಿ. ಕಟ್ಟಿಗೆಯ ಪಟ್ಟಿಗಳನ್ನು ಒಂದರ ಹಿಂದೊಂದು ಪೋಣಿಸಿದ ಸರಪಳಿ ಅದರ ಮೇಲೆ ಸುತ್ತುತ್ತಿರುತ್ತದೆ. ಪ್ರತಿ ಪಟ್ಟಿಯಲ್ಲೂ ಸಾಲು ತೂತುಗಳು. ತೂತಿಗೆ ಕಟ್ಟಿಗೆಯ ಮೊಳೆ ಚುಚ್ಚಿದರೆ ಆ ತೂತಿಗೆ ಸೇರಿದ ಎಳೆಗಳ ಸಾಲು ಏಳುತ್ತದೆ, ಚುಚ್ಚದಿದ್ದರೆ ಇಲ್ಲ. ಗ್ರಾಫ್ ಕಾಗದದ ಮೇಲೆ ಹೂವು ಬರೆದು, ಅದನ್ನು ನೋಡಿಕೊಂಡು ಮೊಳೆ ಚುಚ್ಚುವುದೇ ನನ್ನ ಕೆಲಸ. ಇದು ಪ್ರೋಗ್ರಾಮಿಂಗ್ ಅಲ್ಲದೆ ಮತ್ತೇನು?

ಆ ವರ್ಷ ಶೆಡ್ಡಿಗೆ ಒಂದೇ ಒಂದು ಡಾಬಿ ಬಂದಿತ್ತು. ಆ ಮಗ್ಗಕ್ಕೆ ಗಂಗವ್ವ ಕೂತಿದ್ದಳು. ತುಕ್ಕಾನಟ್ಟಿಯವಳು, ಗಂಡನನ್ನು ಕಳೆದುಕೊಂಡು ತಂಗಿಯ ಮನೆಗೆ ಬಂದು ನಿಂತವಳು. ನಮ್ಮಲ್ಲಿ ಹೆಂಗಸರೆಂದರೆ ಕಂಡಿಕೆಗೆ ನೂಲು ಸುತ್ತುವವರು, ಮಗ್ಗವೆಂದರೆ ಗಂಡಸರದು. ಗಂಗವ್ವ ಕೇಳಿ, ಕಾಡಿ, ಸಾದಾ ಮಗ್ಗದಲ್ಲಿ ನೇಯ್ದು ತೋರಿಸಿ ಆ ಜಾಗ ಗಿಟ್ಟಿಸಿಕೊಂಡಿದ್ದಳು. ಶೆಡ್ಡಿನ ಮುಖ್ಯಸ್ಥ ಕಲ್ಲಪ್ಪ ಮಾಸ್ತರರು ಒಪ್ಪಿದ್ದರಾದರೂ ಒಂದು ಷರತ್ತು ಹಾಕಿದ್ದರು. ಹುಕ್ಕೇರಿಯ ಸೀರೆ ವ್ಯಾಪಾರಿ ದಸರೆ ಮುಗಿದ ಮೇಲೆ ನಮೂನೆ ನೋಡಲು ಬರುವವನಿದ್ದ. ಅವನು ಒಪ್ಪಿದರೆ ಮಗ್ಗ ಗಂಗವ್ವನದು. ಇಲ್ಲವಾದರೆ ಅವಳು ಮತ್ತೆ ಕಂಡಿಕೆಗೆ.

ಖಂಡೆಪೂಜೆಗೆ, ಅಂದರೆ ದಸರೆಯ ಆಯುಧಪೂಜೆಗೆ, ಮೊದಲು ನೇಯ್ದ ಒಂದು ಮೊಳ ದಡಿ ಕಣ್ಣಿಗೆ ಹಬ್ಬದಂತಿತ್ತು. ಪೂಜೆಯ ದಿನ ಮಗ್ಗಗಳೆಲ್ಲ ನಿಂತವು. ಲಾಳಿ, ಕತ್ತರಿ, ಡಾಬಿಯ ಸರಪಳಿ, ಎಲ್ಲವನ್ನೂ ಬಿಚ್ಚಿ, ಒರೆಸಿ, ದೇವರ ಮುಂದಿನ ಹಲಗೆಯ ಮೇಲೆ ಇಟ್ಟೆವು. ಮರುದಿನ ಬನ್ನಿ ಕೊಟ್ಟು ತಗೊಂಡದ್ದಾಯಿತು. ಅದರ ಮರುದಿನ ಸರಪಳಿ ಏರಿಸಿ ಗಂಗವ್ವ ಲಾಳಿ ಎಸೆದಳು. ಹೂವು ಚೆನ್ನಾಗಿಯೇ ಬಂತು. ಆದರೆ ಒಂದು ಹೂವಿಗೂ ಇನ್ನೊಂದಕ್ಕೂ ನಡುವೆ, ಏನೂ ಇರಬಾರದ ಜಾಗದಲ್ಲಿ, ಹಳದಿ ಚುಕ್ಕೆಗಳ ಒಂದು ಗೆರೆ ಅಡ್ಡ ಮೂಡಿತು. ಮುಂದಿನ ಹೂವಿನ ಬಳಿಯೂ ಅದೇ.

ಮಾಸ್ತರರು ಕನ್ನಡಕ ಏರಿಸಿ ನೋಡಿದರು. "ತುಳಿಯೂವಾಗ ಕಾಲು ತಪ್ಪಾಕತ್ತೈತಿ ಇಕಿದು. ಡಾಬಿ ತಾಳ ಬೇರೆ ಇರತೈತಿ, ಹೆಣ್ಮಕ್ಕಳ ಕೈಯಾಗಿಂದಲ್ಲ ಇದು. ಭರಮಪ್ಪನ್ನ ಕೂಡ್ರಸ್ರಿ."

ಭರಮಪ್ಪ ನಮ್ಮ ಶೆಡ್ಡಿನ ಹಳೆಯ ನೇಕಾರ, ಒಳ್ಳೆಯ ಮನುಷ್ಯ. ಗಂಗವ್ವ ಎದ್ದು ನಿಂತಳು. ಅವಳ ಮುಖ ನೋಡಲಾಗದೆ ನಾನು ಬಾಯಿ ಹಾಕಿದೆ. ಭರಮಪ್ಪ ಇದೇ ಮಗ್ಗದಲ್ಲಿ, ಇದೇ ನೂಲಿನಲ್ಲಿ ಎರಡು ಹೂವು ನೇಯಲಿ, ಬೇರೇನನ್ನೂ ಮುಟ್ಟುವುದು ಬೇಡ ಎಂದೆ. ಮನುಷ್ಯರನ್ನು ಬದಲಿಸಿ ಉಳಿದದ್ದನ್ನೆಲ್ಲ ಹಾಗೇ ಬಿಟ್ಟರೆ ತಪ್ಪು ಯಾರ ಜೊತೆ ಹೋಗುತ್ತದೆ ಎಂದು ತಿಳಿಯುತ್ತದೆ. ಭರಮಪ್ಪ ನೇಯ್ದ. ಗೆರೆ ಅವನಿಗೂ ಬಂತು.

"ಕಾಲಿಂದಲ್ಲ ಬಿಡ್ರಿ ಮಾಸ್ತರ," ಅಂದ ಭರಮಪ್ಪ. "ಮ್ಯಾಲ ಏನೋ ಆಗೇತಿ."

ಮಾಸ್ತರರು ಗೊಣಗುತ್ತ ಊಟಕ್ಕೆ ಹೋದರು. ಭರಮಪ್ಪನೂ ಬುತ್ತಿ ಬಿಚ್ಚಲು ಹೊರಗೆ ನಡೆದ. ನಾನು ಸರಪಳಿ ಇಳಿಸಿ ಗ್ರಾಫ್ ಹಿಡಿದು ಕೂತೆ. ಮಗ್ಗ ಕುಲುಕಾಡಿದಾಗ ಮೊಳೆ ಉದುರುವುದು ಸಾಮಾನ್ಯ. ಆದ್ದರಿಂದ ಎಲ್ಲಿ ಮೊಳೆ ಬಿದ್ದಿದೆ ಎಂದೇ ಹುಡುಕಿದೆ. ಒಂದೂ ಬಿದ್ದಿರಲಿಲ್ಲ. ಗ್ರಾಫಿನಲ್ಲಿ ತುಂಬಿದ ಮನೆಗಳೆಲ್ಲ ಪಟ್ಟಿಯಲ್ಲೂ ತುಂಬಿದ್ದವು. ಮತ್ತೆ ನೋಡಿದೆ, ಮತ್ತೆ ಸರಿ. ತಲೆ ಕೆಟ್ಟು, ಈ ಸಲ ತಿರುವಿ ಖಾಲಿ ಮನೆಗಳನ್ನು ನೋಡುತ್ತ ಬಂದೆ. ಒಂದು ಹೂವು ಮುಗಿದು ಇನ್ನೊಂದು ಶುರುವಾಗುವ ಮುನ್ನ ಒಂದು ಪಟ್ಟಿ ಪೂರಾ ಬರಿದಾಗಿರಬೇಕು. ಆ ಹೊತ್ತು ದಡಿಯ ಯಾವ ಎಳೆಯೂ ಏಳಬಾರದು. ಆ ಪಟ್ಟಿಯ ನಟ್ಟನಡುವೆ ಒಂದು ಮೊಳೆ ನೀಟಾಗಿ ಕೂತಿತ್ತು. ಬಿದ್ದದ್ದನ್ನು ಹುಡುಕುವವರಿಗೆ ಹೆಚ್ಚಾದದ್ದು ಎಲ್ಲಿ ಕಾಣಬೇಕು?

"ಅದನ್ನ ನಾನಽ ಹಾಕಿದ್ನ್ರಿ," ಎಂಬ ಮಾತು ಹಿಂದಿನಿಂದ ಕೇಳಿತು. ಗಂಗವ್ವ ನಿಂತಿದ್ದಳು. "ಪೂಜಿಗಿ ಇಡೂವಾಗ ನೋಡಿದ್ನಿ, ಅದೊಂದು ಪಟ್ಟಿ ಬರಿದ ಇತ್ತು. ಬಾಜೂ ಮನಿಗಿ ಭಾಂಡೆ ತಿರಗಿ ಕೊಡೂವಾಗನೂ ಬರಿದ ಕೊಡಂಗಿಲ್ಲ ನಾವು. ದೇವರ ಮುಂದ ಹ್ಯಾಂಗ ಬರಿದ ಇಡೂದ್ರಿ? ಮೊಳಿ ಬಿದ್ದಿರಬೇಕಂತ ತಿಳಕೊಂಡು ಒಂದು ಚುಚ್ಚಿದ್ನಿ."

ನನಗೆ ನಗುವೂ ಬಂತು, ಭಯವೂ ಆಯಿತು. ಮೊಳೆ ಕಿತ್ತು ಕಿಸೆಗೆ ಹಾಕಿಕೊಂಡೆ. "ಮಾಸ್ತರಿಗಿ ಹೇಳೂದು ಬ್ಯಾಡ ಗಂಗವ್ವ. ಸರಪಳಿ ಸರಿ ಆತು, ಮುಗೀತು. ಹೇಳಿದ್ರ ನಿನ್ನ ಮಗ್ಗಾ ಹೋಗತೈತಿ."

ಅವಳು ತಲೆ ಅಲ್ಲಾಡಿಸಿದಳು. "ಸುಮ್ನಿದ್ರ ಬರೂ ವರ್ಷ ಪೂಜಿಗಿ ಮತ್ತ ಯಾರರ ಹಾಕ್ತಾರ್ರಿ. ಆಗ ಮತ್ತ ಯಾರನರ ಎಬ್ಬಸ್ತಾರ. ನಾ ಹೇಳತೇನಿ."

ಮಾಸ್ತರರು ಬಂದ ಕೂಡಲೇ ಹೇಳಿಯೂ ಬಿಟ್ಟಳು. ಅವರು ಮುಂಗೋಪಿ, ದೈವಭಕ್ತ ಕೂಡ. ಯಾವುದು ಮೊದಲು ಹೊರಬರುತ್ತದೋ ಎಂದು ನಾನು ಕಾದೆ. ಅವರು ಆ ಬರಿದು ಪಟ್ಟಿಯನ್ನು ಬೆರಳಿನಿಂದ ಸವರಿದರು. ಎದ್ದು ಹೋಗಿ ದೇವರ ಗೂಡಿನಿಂದ ಕುಂಕುಮದ ಭರಣಿ ತಂದರು. ನೀರಿನಲ್ಲಿ ಬೆರಳದ್ದಿ ಪಟ್ಟಿಯ ನಡುವೆ ದಪ್ಪಗೆ ಒಂದು ಬೊಟ್ಟು ಇಟ್ಟರು.

"ಇನ್ನ ಬರಿದ ಇಲ್ಲ ನೋಡವಾ," ಎಂದರು. "ಮಗ್ಗಕ್ಕ ಇದು ಕಾಣಂಗಿಲ್ಲ. ನಮಗ ಕಾಣತೈತಿ. ಇಲ್ಲಿ ಏನೂ ಹಾಕಬಾರದಂತ ದೇವರಽ ಹೇಳಿದಂಗಾತು. ಕೂಡು, ನೇಯಿ."

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕೂತಳು. ವ್ಯಾಪಾರಿ ಬಂದು ದಡಿಯನ್ನು ಬೆಳಕಿಗೆ ಹಿಡಿದು ನೋಡಿ, ಇಂಥವೇ ಬೇಕು ಎಂದ. ನಾನು ಪುಣೆಗೆ ಹೊರಟ ದಿನವೂ ಆ ಮಗ್ಗದ ಮೇಲೆ ಅವಳೇ ಇದ್ದಳು, ಪಕ್ಕದಲ್ಲಿ ಇನ್ನೊಬ್ಬ ಹೆಂಗಸಿಗೆ ಕಲಿಸುತ್ತಿದ್ದಳು.

ಪುಣೆಯಲ್ಲಿ ಮೊದಲ ಸಲ ಪಂಚ್ ಕಾರ್ಡ್ ಕೈಗೆ ಬಂದಾಗ, ತೂತು ಇದ್ದರೆ ಒಂದರ್ಥ ಇಲ್ಲದಿದ್ದರೆ ಇನ್ನೊಂದು ಎಂದು ಸಾಹೇಬರು ದೊಡ್ಡ ಗುಟ್ಟಿನಂತೆ ವಿವರಿಸಿದರು. ನಾನು ಮನಸ್ಸಿನಲ್ಲೇ ಗಂಗವ್ವನಿಗೆ ಕೈಮುಗಿದೆ. ಆಮೇಲೆ ಭಾಷೆಗಳು ಬಂದವು, ಹೋದವು. ಈಗಲೂ ಪತ್ರಿಕೆ ತೆರೆದರೆ ಜಗತ್ತನ್ನೇ ಬದಲಿಸುವ ಹೊಸ ಭಾಷೆಯೊಂದು ಬಂದಿದೆ ಎಂಬ ಸುದ್ದಿ ಇದ್ದೇ ಇರುತ್ತದೆ. ಇದು ವೇಗ, ಅದು ಸೊಗಸು ಎಂದು ಹುಡುಗರು ಜಗಳಾಡುತ್ತಾರೆ. ಆಡಲಿ. ನನ್ನದು ಒಂದೇ ಹಟ. ಬೇಕೆಂದೇ ಬಿಟ್ಟ ಬರಿದಿಗೂ ಮರೆತು ಬಿಟ್ಟ ಬರಿದಿಗೂ ಇರುವ ವ್ಯತ್ಯಾಸ ಮುಂದೆ ಬರುವವನಿಗೆ ತಿಳಿಯಬೇಕು. ಅದು ತಿಳಿಯದಿದ್ದರೆ ಯಾರೋ ಒಬ್ಬ ಸಜ್ಜನ ಒಳ್ಳೆಯ ಮನಸ್ಸಿನಿಂದಲೇ ಅಲ್ಲೊಂದು ಮೊಳೆ ಚುಚ್ಚುತ್ತಾನೆ, ಇನ್ನಾರೋ ತಮ್ಮ ಜಾಗ ಬಿಟ್ಟು ಏಳಬೇಕಾಗುತ್ತದೆ.

ಪ್ರೋಗ್ರಾಮಿನಲ್ಲಿ ಯಂತ್ರ ಓದದೆ ದಾಟಿಹೋಗುವ ಸಾಲುಗಳಿರುತ್ತವೆ. ಕಾಮೆಂಟ್ ಎನ್ನುತ್ತಾರೆ. ಅವು ಮನುಷ್ಯರಿಗಾಗಿ ಬರೆದವು. ನಮ್ಮ ಕಚೇರಿಯಲ್ಲಿ ಮಾತ್ರ ಅವಕ್ಕೆ ಬೇರೆ ಹೆಸರು ಬಿದ್ದಿತ್ತು. ಗೋಕಾಕದ ಹೆಸರನ್ನೂ ಕೇಳಿರದ ಹುಡುಗರು, ನಾನು ನಿವೃತ್ತನಾಗುವ ದಿನದವರೆಗೂ, ಕೆಲಸ ಒಪ್ಪಿಸುವಾಗ ತಾವಾಗಿಯೇ ಹೇಳುತ್ತಿದ್ದರು: "ಸರ್, ಖಾಲಿ ಇರುವಲ್ಲೆಲ್ಲ ಕುಂಕುಮ ಹಚ್ಚಿದ್ದೇನೆ."