ಕೆರೆ ನಡುವಿನ ಮಾಗಳಿ ಬಳ್ಳಿ

ಕಣ್ಣೆದುರೇ ಮಾಯವಾಯಿತು, ಇಲ್ಲದ್ದು ಕಾಣಿಸಿತು ಎಂದು ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎದುರಿಗೆ ‘ಹೌದಾ!’ ಎಂದು ಹುಬ್ಬೇರಿಸುತ್ತಿದ್ದೆ, ಮನೆಗೆ ಬಂದು ಹೆಂಡತಿಯ ಮುಂದೆ ನಗುತ್ತಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವನು ನಾನು. ಬೇರು, ಕಾಂಡ, ಎಲೆ ಇದ್ದರೆ ಮಾತ್ರ ನಂಬುವವನು. ಈಗ ಬರೆಯುತ್ತಿರುವ ಸಂಗತಿಗೆ ಈ ಮೂರೂ ಇವೆ, ನನ್ನ ಸಂಕಟವೇ ಅದು. ನಗು ಬಂದರೆ ನಕ್ಕುಬಿಡಿ, ಬೇಜಾರಿಲ್ಲ.

ನಾವು ಬಾಡಿಗೆಗಿರುವುದು ಚಂದಾಪುರದ ಹತ್ತಿರ, ಪಿಳ್ಳಮ್ಮನವರ ಮನೆಯ ಮಹಡಿಯಲ್ಲಿ. ಆಕೆ ಈ ಊರಿನ ಮೂಲ ಒಕ್ಕಲು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಫ್ಯಾಕ್ಟರಿ ಕೆಲಸಗಾರರ ಸಾಲು ರೂಮುಗಳಿವೆ. ವಯಸ್ಸಾಗಿದ್ದರೂ ನೀರಿನ ಮೋಟರ್ ಹಾಕುವ ಅಧಿಕಾರವನ್ನು ಮಾತ್ರ ಮಗ ಮಂಜುನಾಥನಿಗೆ ಇನ್ನೂ ಬಿಟ್ಟುಕೊಟ್ಟಿಲ್ಲ. ಮನೆಯ ಹಿಂದೆ ಕೆರೆ, ಕೆರೆಯ ನಡುವೆ ಒಂದು ಪುಟ್ಟ ನಡುಗಡ್ಡೆ.

ಆಚೆ ದಡದ ಅಪಾರ್ಟ್‌ಮೆಂಟಿನವರು ಕೆರೆ ಸಮಿತಿಯೊಂದನ್ನು ಕಟ್ಟಿಕೊಂಡಿದ್ದರು. ನಡುಗಡ್ಡೆ ತೆಗೆಸಿ ದೋಣಿ ಬಿಡಬೇಕೆಂಬುದು ಅವರ ಆಸೆ. ಹಿಂದೆ ಹೂಳೆತ್ತಿದಾಗ ಗುತ್ತಿಗೆದಾರ ಮಣ್ಣು ಸಾಗಿಸಲು ಸೋಮಾರಿತನ ಮಾಡಿ ನಡುವೆಯೇ ಗುಡ್ಡೆ ಹಾಕಿಹೋದ ಎನ್ನುವುದು ಅವರ ವಾದ. ಪಿಳ್ಳಮ್ಮ ಸಭೆಗೇ ಹೋಗಿ ಎದ್ದು ನಿಂತರು.

“ಅದು ಕೆರೆಗಿಂತ ಮುಂಚಿಂದ ಐತೆ. ಅಲ್ಲೊಂದು ಬಂಡೆ ಐತೆ, ಬಂಡೆ ಸಂದೀಲಿ ಮಾಗಳಿ ಬಳ್ಳಿ ಐತೆ. ಆವಾಗ ಬೇಸ್ಗೇಲಿ ಕೆರೆ ಒಣಗ್ತಿತ್ತು. ಮದ್ವೆ ಆಗಿ ಬಂದ ವರ್ಸ ನಮ್ಮತ್ತೆ ಕೈ ಇಡ್ಕಂಡ್ ಕರ್ಕಂಡೋಗಿ ಆ ಬಂಡೆಗೆ ಅರಿಸ್ನ ಕುಂಕ್ಮ ಇಕ್ಸಿದ್ರು. ನಮ್ಮನೆ ದೇವ್ರು ಕಣ್ರಪ್ಪ ಅದು.”

ಈಗ ಮೋರಿಯ ನೀರು ಬಂದು ಬಂದು ಕೆರೆ ವರ್ಷವಿಡೀ ತುಂಬಿರುತ್ತದೆ, ನಡೆದುಹೋಗಿ ನೋಡಿದವರು ಯಾರೂ ಇಲ್ಲ. ಮಂಜುನಾಥ ಎಲ್ಲರೆದುರಿಗೇ, “ನಮ್ಮಮ್ಮಂಗೆ ಈಚೆಗೆ ಸ್ವಲ್ಪ ಕನ್‌ಫ್ಯೂಸ್ ಆಗ್ತದೆ ಸಾರ್, ತಪ್ಪು ತಿಳ್ಕೋಬೇಡಿ” ಎಂದ. ಪಿಳ್ಳಮ್ಮ ಮನೆಗೆ ಬಂದವರೇ ಮೋಟರ್ ಆಫ್ ಮಾಡಿದರು. ಮೂಲದ ನೆಲವೋ ಹೂಳೋ ಎಂದು ತೀರ್ಮಾನಿಸುವ ಕೆಲಸವನ್ನು ಸಮಿತಿಯ ಕಾರ್ಯದರ್ಶಿ ನನ್ನ ತಲೆಗೆ ಕಟ್ಟಿದರು. “ಸೈಂಟಿಫಿಕ್ ಆಗಿ ಹೋಗೋಣ ಸಾರ್. ಮೂಲದ್ದು ಅಂದ್ರೆ ಬಿಟ್ಬಿಡೋಣ, ಹೂಳು ಅಂದ್ರೆ ಜೆಸಿಬಿ ಬರುತ್ತೆ.”

ನಾನು ಕುಣಿದಾಡಿಬಿಟ್ಟೆ. ಕಡಲ ನಡುವಿನ ದ್ವೀಪ ಹೇಗೆ ಹುಟ್ಟಿತೆಂದು ತಿಳಿಯಲು ಅಲ್ಲಿನ ಗಿಡಗಳನ್ನು ವಿಚಾರಿಸಿದರೂ ಸಾಕು ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ದೊಡ್ಡ ನೆಲದಿಂದ ಕಳಚಿಕೊಂಡ ದ್ವೀಪವಾದರೆ, ನೀರು ದಾಟಲಾರದ ಗಿಡಗಳೂ ಅಲ್ಲಿ ಹಳೆಯ ಒಕ್ಕಲಿನ ಹಾಗೆ ಬೇರುಬಿಟ್ಟು ಕೂತಿರುತ್ತವೆ. ಕಡಲ ತಳದಿಂದ ಬೆಂಕಿಯುಗುಳುತ್ತ ಎದ್ದದ್ದಾದರೆ, ಗಾಳಿ, ಹಕ್ಕಿ, ಅಲೆಗಳು ತಂದುಹಾಕಿದ ಗಿಡಗಳು ಮಾತ್ರ, ಎಲ್ಲ ಬಾಡಿಗೆಯವರೇ. ನಾನು ಹತ್ತಿರದಿಂದ ಕಂಡ ಕಡಲ ದ್ವೀಪ ಒಂದೂ ಇಲ್ಲ. ಮೋರಿ ನೀರಿನದ್ದಾದರೂ ಆಗಲಿ, ಒಂದು ದ್ವೀಪ ಸಿಕ್ಕಿತಲ್ಲ!

ಭಾನುವಾರ ಬೆಳಿಗ್ಗೆ ಮೀನು ಹಿಡಿಯುವ ಮೌನೇಶನ ತೆಪ್ಪ ಹತ್ತಿದೆ. ಯಾದಗಿರಿ ಕಡೆಯ ಹುಡುಗ. ಅಲ್ಲಿ ಬಂಡೆ ಇದೆಯಾ ಎಂದು ಕೇಳಿದ್ದಕ್ಕೆ, “ನಾ ಮೀನ ನೋಡಾಂವ್ರೀ ಸರ. ಗಿಡ, ಕಲ್ಲು ನೀವ ನೋಡ್ಕೋರಿ” ಎಂದು ಕೈತೊಳೆದುಕೊಂಡ. ತೆಪ್ಪದಲ್ಲಿ ನೀರು ಬಂದು ನನ್ನ ಟವೆಲು ನೆನೆಯಿತು. ನಡುಗಡ್ಡೆಯ ಮಧ್ಯದಲ್ಲಿದ್ದ ಗಿಡಗಳ ಮೇಲೆ ಅದನ್ನು ಒಣಹಾಕಿ ಕೆಲಸಕ್ಕಿಳಿದೆ.

ಸುತ್ತ ಎಕ್ಕ, ಲಂಟಾನ, ಪಾರ್ಥೇನಿಯಂ. ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಒಂದು ಅತ್ತಿಯ ಸಸಿ. ಎಲ್ಲ ಬಾಡಿಗೆಯವರು. ಆದರೆ ನಾನು ಟವೆಲು ಹಾಕಿದ್ದು ಟೊಮೆಟೊ ಗಿಡಗಳ ಮೇಲೆ! ಅದರ ಪಕ್ಕದಲ್ಲಿ ಚೆಂಡುಹೂ, ತುಳಸಿ, ಮತ್ತೆ ಟೊಮೆಟೊ, ಗುಂಪು ಗುಂಪಾಗಿ. ಇದ್ಯಾವ ಹಕ್ಕಿಯ ಕೆಲಸವಪ್ಪ ಎಂದು ಕೆದಕಿದರೆ ಮಣ್ಣಿನ ಸೊಂಡಿಲಿನ ತುಂಡೊಂದು ಸಿಕ್ಕಿತು. ಆಗ ಹೊಳೆಯಿತು. ಹಬ್ಬಕ್ಕೆ ಐಟಿ ಕಂಪನಿಗಳು ತಮ್ಮ ನೌಕರರಿಗೆ ಬೀಜ ಸೇರಿಸಿದ ಗಣಪತಿಯನ್ನು ಹಂಚುತ್ತವೆ. ಮನೆಯ ಬಕೆಟ್ಟಿನಲ್ಲಿ ಬಿಟ್ಟು ಆ ಮಣ್ಣನ್ನು ಕುಂಡಕ್ಕೆ ಸುರಿಯಬೇಕು. ಆದರೆ ಬಕೆಟ್ಟಿನಲ್ಲಿ ಬಿಟ್ಟರೆ ಅದು ವಿಸರ್ಜನೆಯೇ ಅಲ್ಲವೆಂದು ನಮ್ಮ ಜನ ಪಟಾಕಿ ಹೊಡೆದುಕೊಂಡು ಕೆರೆಗೇ ತರುತ್ತಾರೆ. ಕೆರೆ ಸ್ವಚ್ಛ ಮಾಡುವವರು ಆ ಮಣ್ಣನ್ನು ಬಾಚಿ ಇಲ್ಲಿ ತಂದು ಸುರಿದಿದ್ದಾರೆ. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪವನ್ನು ಲೋಕ ಕಂಡಿದೆ, ಗಣಪತಿಯಿಂದ ಹುಟ್ಟಿದ್ದನ್ನು ಮೊದಲು ಕಂಡವನು ನಾನೇ ಎಂದು ಬೀಗಿ, ಟೊಮೆಟೊ ಗಿಡಗಳನ್ನು ಹಿನ್ನೆಲೆಗಿಟ್ಟು ಸೆಲ್ಫಿ ತೆಗೆದುಕೊಂಡೆ. ಬಂಡೆಯ ಸುಳಿವಿರಲಿಲ್ಲ. ಸಂತೋಷದಲ್ಲಿ ಟವೆಲನ್ನು ಅಲ್ಲೇ ಮರೆತು ಬಂದೆ.

ಊಟದ ಹೊತ್ತಿಗೆ ಪಿಳ್ಳಮ್ಮನವರಿಗೆ ವಿಷಯ ಹೇಳಿದೆ, ಫೋಟೊ ತೋರಿಸಿದೆ. ಆಕೆ ಫೋಟೊವನ್ನು ಬಹಳ ಹೊತ್ತು ನೋಡಿದರು. “ಸಮಿತಿಗೆ ಏಳೋಕ್ ಮುಂಚೆ ನನ್ನೊಂದ್ಸಲ ಕರ್ಕಂಡೋಗಿ ಮೇಷ್ಟ್ರೇ” ಎಂದರು. ಟವೆಲು ತರುವುದು ಹೇಗೂ ಇತ್ತು. ಒಪ್ಪಿಕೊಂಡೆ.

ಇನ್ನು ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮಧ್ಯಾಹ್ನದ ರಣಬಿಸಿಲು, ಮತ್ತೆ ಮೌನೇಶನ ತೆಪ್ಪ. ಅದೇ ದಡ, ಅದೇ ಅತ್ತಿಯ ಸಸಿ. ನಡುವೆ, ಕೂತ ಎಮ್ಮೆಯಷ್ಟು ದೊಡ್ಡ ಬಂಡೆ. ಬಂಡೆಯ ಮೇಲೆ ಗರಿಗರಿಯಾಗಿ ಒಣಗಿದ ನನ್ನ ಟವೆಲು. ಟೊಮೆಟೊ, ಚೆಂಡುಹೂ ಎಲ್ಲ ಬಂಡೆಯ ಸುತ್ತ ಸರಿದು ನಿಂತಿದ್ದವು. ಬಂಡೆಯ ಸಂದಿಯಿಂದ ಮಾಗಳಿ ಬಳ್ಳಿ ಹಬ್ಬಿತ್ತು. ಉಪ್ಪಿನಕಾಯಿಗೆ ಬೇರು ಕೊಡುವ ಅದು ಕಲ್ಲುಗುಡ್ಡದ ಬಳ್ಳಿ, ಕೆರೆಯ ಹೂಳು ಅದಕ್ಕೆ ಆಗಿಬರುವುದಿಲ್ಲ. ಬುಡ ನನ್ನ ಮುಂಗೈ ದಪ್ಪವಿತ್ತು. ಅಷ್ಟಾಗಲು ಎಷ್ಟು ವರ್ಷ ಬೇಕೋ! ಉಗುರಿನಿಂದ ಕೆರೆದು ಮೂಸಿದೆ. ತಿಗಣೆ ಹೊಸಕಿದಂಥ ಮಾಗಳಿಯದೇ ವಾಸನೆ. ಫೋನು ಕೈಯಲ್ಲೇ ಇತ್ತು, ಫೋಟೊ ತೆಗೆಯಬೇಕೆಂದು ಹೊಳೆಯಲೇ ಇಲ್ಲ. ನನಗೆ ಭಯವಾಗಿತ್ತು.

ಪಿಳ್ಳಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದರು.

“ಮೇಷ್ಟ್ರೇ, ನಿಮ್ಗೂ ಕಾಣ್ತಾ ಐತಾ?”

“ಕಾಣ್ತಾ ಇದೆಯಮ್ಮ.”

ಆಕೆ ಅಲ್ಲೇ ಕುಸಿದು ಕೂತು ಅತ್ತರು. “ಮಗಂಗೆ ಗೊತ್ತಾಗ್ದಂಗೆ ನಾನೂ ಎಷ್ಟೋ ಸಲ ಬಂದು ಉಡುಕಿವ್ನಿ. ಇರ್ನಿಲ್ಲ. ಅವ್ನು ಅಂದಂಗೆ ನಂಗೇ ತಲೆ ಕೆಟ್ಟೈತೇನೋ ಅನ್ಕಂಡಿದ್ದೆ.” ನಾನು ಮೌನೇಶನ ಕಡೆ ನೋಡಿದೆ. ಆಗೆಲ್ಲ ಆಕೆಯನ್ನು ಕರೆತಂದವನು ತಾನೇ ಎಂಬಂತೆ ಅವನು ತಲೆಯಾಡಿಸಿ, ಮತ್ತೆ ನೀರಿನ ಕಡೆ ತಿರುಗಿದ.

ಬಳ್ಳಿಯ ಒಂದು ತುಂಡನ್ನು ಬೇರು ಸಮೇತ ಮನೆಗೆ ತಂದೆ. ಆ ವಾಸನೆಗೆ ಹೆಂಡತಿ ತಿಗಣೆ ಬಿದ್ದಿದೆಯೆಂದು ಹಾಸಿಗೆಗಳನ್ನೆಲ್ಲ ತಾರಸಿಗೆ ಹೊರಿಸಿದಳು. ನಡೆದದ್ದನ್ನು ಹೇಳಿದರೆ, “ಬೆಳಿಗ್ಗೆ ಕನ್ನಡಕ ಹಾಕ್ಕೊಂಡಿದ್ರಾ?” ಎಂದಳು. ಹಾಕಿಕೊಂಡಿದ್ದೆ, ಸೆಲ್ಫಿಯಲ್ಲೇ ಇದೆ. ಬಿಸಿಲಿನ ಭ್ರಮೆಯೆಂದರೆ ಬಳ್ಳಿ ಎಲ್ಲಿಂದ ಬಂತು? ಬೆಳಗಿನದೇ ಭ್ರಮೆಯೆಂದರೆ, ಫೋಟೊಗೂ ಭ್ರಮೆಯೇ?

ಸಮಿತಿಯ ಮುಂದೆ ಬಳ್ಳಿಯನ್ನಿಟ್ಟು, ನಡುಗಡ್ಡೆ ಮೂಲದ ನೆಲ ಎಂದೆ. ಸೆಲ್ಫಿಯನ್ನು ತೋರಿಸಲಿಲ್ಲ. ಮಂಜುನಾಥ ತಾಯಿಯ ಮುಖ ನೋಡಿ ತಲೆ ತಗ್ಗಿಸಿದ. ಜೆಸಿಬಿ ಬರಲಿಲ್ಲ.

ಮತ್ತೆ ಹೋಗಿ ಅಳತೆ, ಫೋಟೊ ಎಲ್ಲ ಮಾಡಿದಿರಾ ಎಂದು ನೀವು ಕೇಳುತ್ತೀರಿ. ಇಲ್ಲ. ಪಿಳ್ಳಮ್ಮನವರೂ ಹೋಗಿಲ್ಲ. ಸಂಜೆ ದಡದಲ್ಲಿ ನಿಂತು ಕೈಮುಗಿದು, “ಅಲ್ಲೇ ಐತಲ್ವಾ ಮೇಷ್ಟ್ರೇ?” ಎನ್ನುತ್ತಾರೆ. “ಇದೆಯಮ್ಮ” ಎನ್ನುತ್ತೇನೆ. ತೆಪ್ಪ ಅಲ್ಲೇ ಕಟ್ಟಿರುತ್ತದೆ. ಅದನ್ನು ಹತ್ತೋಣವೆಂದು ಆಕೆಯೂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ.